ಮೂವತ್ತೆಂಟು ರೂಪಾಯಿಯ ಬ್ಯಾಂಕು

ರಾಮನಗರ ಹಲವು ಹೆಸರುಗಳನ್ನು ಹೊತ್ತ ಊರು. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್‌ನ ನೆನಪಿಗೆ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. ಊರಿನ ಬೋರ್ಡಿನಿಂದ ಕ್ಲೋಸ್ ದೊರೆ ಇಳಿದುಹೋದರೂ ಭೂವಿಜ್ಞಾನಿಗಳು ಇಲ್ಲಿನ ಬಂಡೆಗಳನ್ನು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ದಂಡಿನ ಜೊತೆ ಬಂದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಲೆಕ್ಕದ ಪುಸ್ತಕ ಹಿಡಿದು ಸಣ್ಣ ಊರೊಂದನ್ನು ಕಟ್ಟಿದವರ ಹೆಸರು ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ.

2020ರ ಏಪ್ರಿಲ್ 1ರಂದು ಕೊರೋನಾ ಲಾಕ್‌ಡೌನಿನಿಂದ ದೇಶದ ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದಾಗ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. 114 ವರ್ಷ ಬಾಳಿದ ಬ್ಯಾಂಕದು. ಅದನ್ನು ಕಟ್ಟಿದವರು ಉಡುಪಿಯ ವ್ಯಾಪಾರಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಎಂಬುದು ಕರಾವಳಿಯ ಆಚೆ ಎಷ್ಟು ಜನರಿಗೆ ಗೊತ್ತು? ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮುಸ್ಲಿಮರಲ್ಲೇ ಈ ಹೆಸರು ಕೇಳಿದವರು ಕಡಿಮೆ.

ಬ್ಯಾಂಕಿನ ಚರಿತ್ರೆ ಎಂದೊಡನೆ ಬಿಳಿಯರ ಕಥೆ ನೆನಪಾಗುವುದು ಸಹಜ. ಅದರಲ್ಲೂ ಸ್ಕಾಟ್ಲೆಂಡಿನವರು ಲೆಕ್ಕದಲ್ಲಿ ಗಟ್ಟಿಗರೆಂದು ಹೆಸರಾದವರು. ಅಲ್ಲಿನ ರತ್‌ವೆಲ್ ಎಂಬ ಹಳ್ಳಿಯಲ್ಲಿ ಹೆನ್ರಿ ಡಂಕನ್ ಎಂಬ ಪಾದ್ರಿ 1810ರಲ್ಲಿ ಬಡವರಿಗಾಗಿ ಉಳಿತಾಯದ ಬ್ಯಾಂಕೊಂದನ್ನು ತೆರೆದ. ದೊಡ್ಡ ಬ್ಯಾಂಕುಗಳು ಹತ್ತಿರ ಸೇರಿಸದ ಕೂಲಿಗಳು ಅಲ್ಲಿ ಆರು ಪೆನ್ಸ್ ಇಟ್ಟು ಖಾತೆ ತೆರೆಯಬಹುದಿತ್ತು. ಉಳಿತಾಯ ಬ್ಯಾಂಕುಗಳ ಚಳವಳಿ ಬೆಳೆದದ್ದು ಆ ಹಳ್ಳಿಯಿಂದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸ್ಕಾಟ್ಲೆಂಡ್ ಮೂಲದ ಆರ್ಬತ್‌ನಾಟ್ ಮನೆತನದವರು ಮದರಾಸಿನಲ್ಲಿ ವ್ಯಾಪಾರದ ಕೋಠಿಯಲ್ಲಿ ನೆಲೆಯೂರಿದರು. ನೂರು ವರ್ಷದಲ್ಲಿ ಆರ್ಬತ್‌ನಾಟ್ ಕಂಪನಿ ಎಂದರೆ ಸರ್ಕಾರದಷ್ಟೇ ಭದ್ರ ಎಂದು ಜನ ನಂಬುವಂತಾಯಿತು. ವಕೀಲರು, ಗುಮಾಸ್ತರು, ಪಿಂಚಣಿದಾರರು, ವಿಧವೆಯರು ಬದುಕಿನ ಗಳಿಕೆಯನ್ನೆಲ್ಲ ಅಲ್ಲಿಟ್ಟರು. 1906ರ ಅಕ್ಟೋಬರಿನಲ್ಲಿ ಆ ಕೋಠಿ ಕುಸಿಯಿತು. ಸಾವಿರಾರು ಮನೆಗಳು ಬೀದಿಗೆ ಬಿದ್ದವು. ಅದರ ಯಜಮಾನ ಸರ್ ಜಾರ್ಜ್ ಆರ್ಬತ್‌ನಾಟ್ ಜೈಲು ಸೇರಿದ.

ಆ ಕುಸಿತಕ್ಕೆ ಏಳು ತಿಂಗಳ ಹಿಂದೆ, ಅದೇ ಮದರಾಸು ಪ್ರಾಂತ್ಯದ ಇನ್ನೊಂದು ಅಂಚಿನಲ್ಲಿ, ಯಾರ ಗಮನಕ್ಕೂ ಬಾರದೆ ಉಡುಪಿಯ ಬ್ಯಾಂಕು ಬಾಗಿಲು ತೆರೆದಿತ್ತು.

ಆಗಿನ ಉಡುಪಿ ಮಠಗಳ ಸುತ್ತ ಹಬ್ಬಿದ ಪುಟ್ಟ ಪೇಟೆ. ರೈಲು ಇನ್ನೂ ಮಂಗಳೂರನ್ನೇ ಮುಟ್ಟಿರಲಿಲ್ಲ. ರೈತನಿಗೆ ಬೀಜಕ್ಕೆ, ಮೀನುಗಾರನಿಗೆ ಬಲೆಗೆ, ಸಣ್ಣ ಅಂಗಡಿಯವನಿಗೆ ಸರಕಿಗೆ ದುಡ್ಡು ಬೇಕಾದರೆ ಸಾಹುಕಾರನ ಜಗಲಿಯೇ ಗತಿ. ಅಲ್ಲಿ ಬಡ್ಡಿ ಎಷ್ಟೆಂದು ಹೇಳುವವನು ಸಾಹುಕಾರ, ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ. ಸಾಲ ಮಾಡಿದವನ ಹೆಬ್ಬೆಟ್ಟು ಮಾತ್ರ ಅವನ ಸ್ವಂತದ್ದು.

1882ರಲ್ಲಿ ಹುಟ್ಟಿದ ಅಬ್ದುಲ್ಲಾ ಸಾಹೇಬರಿಗೆ 1906ರಲ್ಲಿ ಇಪ್ಪತ್ನಾಲ್ಕು ವರ್ಷ. ಅದು ಬಂಗಾಳದ ವಿಭಜನೆಯ ವಿರುದ್ಧ ಎದ್ದ ಸ್ವದೇಶಿ ಗಾಳಿ ದೇಶವೆಲ್ಲ ಬೀಸುತ್ತಿದ್ದ ಹೊತ್ತು. ಆ ವರ್ಷದ ಫೆಬ್ರವರಿಯಲ್ಲಿ ಸಾಹೇಬರು ಊರಿನವರ ಮುಂದೆ ಒಂದು ಮನವಿ ಇಟ್ಟರು. ಜಾತಿ ಮತಗಳ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಯಬೇಕು, ಎಲ್ಲ ವರ್ಗದವರೂ ಕೂಡಿ ದುಡಿಯುವುದನ್ನು ಕಲಿಯಬೇಕು, ಇದೇ ಅಪ್ಪಟ ಸ್ವದೇಶಿ ಎಂಬುದು ಅದರ ತಿರುಳು. ಮಾರ್ಚ್ 12ರಂದು 5,000 ರೂಪಾಯಿ ಬಂಡವಾಳದಲ್ಲಿ ಒಂದು ನಿಧಿಯ ರೂಪದಲ್ಲಿ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ)’ ಶುರುವಾಯಿತು. ಮೊದಲ ದಿನದ ಕೊನೆಗೆ ಪೆಟ್ಟಿಗೆಯಲ್ಲಿ ಇದ್ದದ್ದು 38 ರೂಪಾಯಿ, 13 ಆಣೆ, 2 ಪೈ.

ಆ ಎರಡು ಪೈಗಳನ್ನು ಸ್ವಲ್ಪ ನೋಡಿ. ಹನ್ನೆರಡು ಪೈ ಸೇರಿದರೆ ಒಂದು ಆಣೆ, ಹದಿನಾರು ಆಣೆ ಸೇರಿದರೆ ಒಂದು ರೂಪಾಯಿ. ಅಂದರೆ ರೂಪಾಯಿಯ ನೂರಾತೊಂಬತ್ತೆರಡನೇ ಒಂದು ಪಾಲು ಒಂದು ಪೈ. ಅಷ್ಟು ಚಿಕ್ಕ ನಾಣ್ಯವನ್ನೂ ಎಣಿಸಿ ಬರೆದಿಟ್ಟ ಲೆಕ್ಕವಿದು. ಮದರಾಸಿನ ಕೋಠಿಯ ಬಾಗಿಲು ದೊಡ್ಡದಿತ್ತು, ಒಳಗಿನ ಲೆಕ್ಕ ಪೊಳ್ಳಾಗಿತ್ತು. ಉಡುಪಿಯ ಪೆಟ್ಟಿಗೆ ಚಿಕ್ಕದಿತ್ತು, ಅದರ ಲೆಕ್ಕ ಪೈಗೆ ಪೈ ನೇರವಾಗಿತ್ತು.

ಸಾಹೇಬರಿಗೆ ಅವಸರ ಇದ್ದಂತೆ ಕಾಣುವುದಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಹದಿನೇಳು ವರ್ಷ ಕಳೆದ ಮೇಲೆ. 1926ರಲ್ಲಿ ಮಂಗಳೂರಿನ ರಥಬೀದಿಗೆ ಬಂದರು. ದೇವರ ತೇರು ಎಳೆಯುವ ಬೀದಿಯಲ್ಲಿ ಒಬ್ಬ ಹಾಜಿಯ ಬ್ಯಾಂಕು! ಅಂದಿನವರಿಗೆ ಅದು ವಿಶೇಷ ಅನ್ನಿಸಿರಲಾರದು. ವಿಶೇಷ ಅನ್ನಿಸುತ್ತಿರುವುದು ಇಂದಿನ ನಮಗೆ. ಆ ಬ್ಯಾಂಕು ತನ್ನ ಧ್ಯೇಯವಾಕ್ಯವನ್ನು ಆರಿಸಿಕೊಂಡದ್ದೂ ಸಂಸ್ಕೃತದಿಂದ: ‘ಸರ್ವೇ ಜನಾಃ ಸುಖಿನೋ ಭವಂತು’.

ಮುಸ್ಲಿಮನೊಬ್ಬ ಬ್ಯಾಂಕು ಕಟ್ಟಿದ ಎಂದೊಡನೆ ನಮ್ಮವರು ಕೇಳುವ ಮೊದಲ ಪ್ರಶ್ನೆ ಸೂದಿನದು, ಅಂದರೆ ಬಡ್ಡಿಯದು. ಬಡ್ಡಿ ಹರಾಮು ಎಂಬ ಧರ್ಮದಲ್ಲಿ ಬ್ಯಾಂಕು ಹೇಗೆ? ಉಲೇಮಾಗಳ ಚರ್ಚೆ ಅವರಿಗಿರಲಿ. ಇತಿಹಾಸ ಓದುವವನಿಗೆ ಕಾಣುವುದು ಬೇರೆ ಮಾತು. ಬ್ಯಾಂಕಿಗೆ ಹೋಗದ ಬಡವನೇನೂ ಬಡ್ಡಿಯಿಂದ ಪಾರಾಗಲಿಲ್ಲ, ಇನ್ನೂ ಕ್ರೂರವಾದ ಬಡ್ಡಿಗೆ ಸಿಕ್ಕಿಕೊಂಡ. ಬಡ್ಡಿಯಷ್ಟೇ ಹಳೆಯ ಇನ್ನೊಂದು ಮಾತೂ ಇದೆ, ಅಮಾನತ್. ನಂಬಿ ಒಪ್ಪಿಸಿದ ವಸ್ತು ಎಂದು ಅದರ ಅರ್ಥ. ಮಕ್ಕಾದ ಜನ ಪ್ರವಾದಿಯವರನ್ನು ‘ಅಲ್ ಅಮೀನ್’ ಎಂದು ಕರೆದದ್ದು ತಮ್ಮ ಒಡವೆಗಳನ್ನು ಅವರಲ್ಲಿ ನಂಬಿ ಇಡಬಹುದಿತ್ತು ಎಂಬ ಕಾರಣಕ್ಕೂ ಹೌದು. ಕನ್ನಡದ ಲೆಕ್ಕದ ಮಾತುಗಳಲ್ಲಿ ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಜಾಮೀನು, ಖಜಾನೆ ಎಲ್ಲ ಅರಬ್ಬಿ, ಪಾರಸಿಗಳಿಂದ ಬಂದು ಮನೆಯವೇ ಆಗಿವೆ. ಪಾಪ, ಅಮಾನತ್ ಒಂದೇ ಕೆಟ್ಟಿತು. ನಮ್ಮ ಸರ್ಕಾರಿ ಕನ್ನಡದಲ್ಲಿ ಈಗ ಅಮಾನತ್ತು ಎಂದರೆ ನೌಕರನನ್ನು ಕೆಲಸದಿಂದ ಹೊರಗಿಡುವುದು!

ಸಾಹೇಬರು ಗಳಿಸಿದ್ದನ್ನು ಊರಿಗೇ ಕೊಟ್ಟರು. ಉಡುಪಿಯ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರು ಅವರೇ. 2016ರಲ್ಲಿ ಸರ್ಕಾರ ಆ ಆಸ್ಪತ್ರೆಯನ್ನು ಖಾಸಗಿಯವರಿಗೆ ವಹಿಸಲು ಹೊರಟಾಗ ಊರಿನವರು ಬೀದಿಗಿಳಿದರು. ಇದು ಹಾಜಿ ಅಬ್ದುಲ್ಲಾ ಸಾಹೇಬರು ಬಡವರಿಗೆ ಕೊಟ್ಟ ನೆಲ ಎಂಬುದೇ ಅವರ ವಾದವಾಗಿತ್ತು. 1935ರಲ್ಲಿ ತೀರಿಕೊಂಡ ಮನುಷ್ಯನೊಬ್ಬನ ದಾನ ಎಂಬತ್ತು ವರ್ಷದ ಮೇಲೂ ಜನರ ಬಾಯಲ್ಲಿ ಹಕ್ಕಿನ ಮಾತಾಗಿ ಬಂತು. ಅವರ ಮನೆಯನ್ನು ಬ್ಯಾಂಕು ನಾಣ್ಯಗಳ ಸಂಗ್ರಹಾಲಯ ಮಾಡಿತು.

ಅದೇ ಜಿಲ್ಲೆಯಲ್ಲಿ ಒಂದರ ಹಿಂದೊಂದು ಬ್ಯಾಂಕುಗಳು ಹುಟ್ಟಿದವು. 1906ರ ಜುಲೈನಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ನಿಧಿ, ಮುಂದೆ ಅದೇ ಕೆನರಾ ಬ್ಯಾಂಕ್. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಕಾರ್ಪೊರೇಷನ್ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣಗೊಂಡಿತು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಮೂರೂ ಹೆಸರು ಕಳೆದುಕೊಂಡವು.

ಈ ಕಥೆಗೆ ಇನ್ನೊಂದು ದಿನಾಂಕ ಇದೆ. ಬ್ಯಾಂಕಿಗೆ ನೂರು ತುಂಬಿದ 2006ರ ನವೆಂಬರಿನಲ್ಲೇ ಸಾಚಾರ್ ಸಮಿತಿ ವರದಿ ಕೊಟ್ಟಿತು. ಬ್ಯಾಂಕು ಸಾಲದಲ್ಲಿ ಮುಸ್ಲಿಮರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ ಎಂದೂ, ಮುಸ್ಲಿಮರು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲಕ್ಕೆ ತಕ್ಕುದಲ್ಲವೆಂದು ಗುರುತಿಸಿಟ್ಟಿವೆ ಎಂದೂ ಅದು ಹೇಳಿತು. ಮುಸ್ಲಿಮನೊಬ್ಬ ಜಾತಿ ಮತ ನೋಡದೆ ಬ್ಯಾಂಕು ತೆರೆದು ನೂರು ವರ್ಷವಾದಾಗ ನಾವು ಬಂದು ನಿಂತ ಜಾಗ ಇದು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಕನಕಪುರ, ಮಾಗಡಿಯ ಕಡೆಯ ಒಕ್ಕಲಿಗ ರೈತ ಗೂಡು ತರುತ್ತಾನೆ. ಕೊಳ್ಳುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು. ಬೆಳಿಗ್ಗೆ ಗೂಡಿಗೆ ದುಡ್ಡು ಕಟ್ಟಬೇಕು, ನೂಲು ಬಿಚ್ಚಿ ಮಾರಿ ಕಾಸು ಕೈಗೆ ಬರುವುದು ಆಮೇಲೆ. ಆ ನಡುವಿನ ದಿನಗಳನ್ನು ದಾಟಿಸಲು ಬಂಡವಾಳ ಬೇಕು. ಈಗ ಹರಾಜು, ಪಾವತಿ ಎಲ್ಲ ಬ್ಯಾಂಕು ಖಾತೆಯ ಮೂಲಕವೇ ಆಗುತ್ತದೆ. ಆದರೆ ಖಾತೆ ಇರುವುದು ಬೇರೆ, ಸಾಲ ಸಿಗುವುದು ಬೇರೆ. ಚರಕದ ಮುಂದೆ ಬಿಸಿನೀರಲ್ಲಿ ಕೈ ಬೇಯಿಸಿಕೊಳ್ಳುವವರನ್ನು, ಚನ್ನಪಟ್ಟಣದಲ್ಲಿ ಅರಗು ಹಚ್ಚಿ ಬೊಂಬೆ ತಿರುಗಿಸುವವರನ್ನು ಕೇಳಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಹಾಜಿ ಸಾಹೇಬರ ಹೆಸರನ್ನು ರಸ್ತೆಗೋ ವೃತ್ತಕ್ಕೋ ಇಟ್ಟರೆ ಸಂತೋಷವೇ. ಆದರೆ ಅವರು ಉಡುಪಿಯಲ್ಲಿ ಬಿಟ್ಟುಹೋದದ್ದು ಹೆಸರಿಗಿಂತ ದೊಡ್ಡದು. ಬಡವನ ಎರಡು ಪೈಯನ್ನೂ ಎಣಿಸಿ ಪುಸ್ತಕಕ್ಕೆ ಏರಿಸುವ, ಅವನನ್ನು ನಂಬಿ ಕೊಡುವ ಮರ್ಯಾದೆ ಅದು. ಬೋರ್ಡು ಯಾವ ಬ್ಯಾಂಕಿನದಾದರೂ ಇರಲಿ, ನಮ್ಮ ಊರುಗಳ ಕೌಂಟರುಗಳಲ್ಲಿ ಕೇಳಬೇಕಾದದ್ದು ಆ ಮರ್ಯಾದೆಯನ್ನು.