ಪ್ರೊಸೆಸ್ ಅಂತ್ಯಗೊಳಿಸುವ ಕ್ರಮ: ಯುನಿಕ್ಸ್‌ನಿಂದ ಲಿನಕ್ಸ್‌ವರೆಗೆ

ಓಡುತ್ತಿರುವ ಪ್ರೊಸೆಸ್ ಕೊನೆಗೊಳ್ಳುವುದು ಎರಡು ಬಗೆಯಲ್ಲಿ: ಕೆಲಸ ಮುಗಿಸಿ ತಾನಾಗಿಯೇ, ಇಲ್ಲವೆ ಹೊರಗಿನಿಂದ ಬಂದ ಸಿಗ್ನಲ್‌ನಿಂದ. ಲಿನಕ್ಸ್‌ನಲ್ಲಿ ಇಂದು ಬಳಕೆಯಲ್ಲಿರುವ ಈ ಎರಡೂ ದಾರಿಗಳ ಮೂಲ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನಲ್ಲಿದೆ.

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಕಟ್ಟತೊಡಗಿದರು. ಮಗು ಪ್ರೊಸೆಸ್ ಮುಗಿದದ್ದನ್ನು ತಿಳಿಯಲು ಆಗ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. ಶೆಲ್ ಅದಕ್ಕೊಂದು ಸಂದೇಶ ಕಳಿಸಿ ಕಾಯುತ್ತಿತ್ತು. ಮಗು ಆ ಸಂದೇಶವನ್ನು ಓದುತ್ತಲೇ ಇರಲಿಲ್ಲ. ಅದು ಮುಗಿದೊಡನೆ ‘ಅಂಥ ಪ್ರೊಸೆಸ್ ಇಲ್ಲ’ ಎಂಬ ದೋಷಸೂಚನೆ ಶೆಲ್‌ಗೆ ಮರಳುತ್ತಿತ್ತು. ಆ ಸೂಚನೆಯೇ ಮುಕ್ತಾಯದ ಸುದ್ದಿ. 1971ರ ನವೆಂಬರಿನ ಮೊದಲ ಕೈಪಿಡಿಯ ಹೊತ್ತಿಗೆ ‘ಎಕ್ಸಿಟ್’ ಮತ್ತು ‘ವೇಟ್’ ಎಂಬ ಸಿಸ್ಟಮ್ ಕಾಲ್‌ಗಳು ಈ ಕೆಲಸಕ್ಕೆಂದೇ ಬಂದಿದ್ದವು.

ಇಂಟರಪ್ಟ್, ಕ್ವಿಟ್ ಮೊದಲಾದವಕ್ಕೆ ಇದ್ದ ಬೇರೆಬೇರೆ ಕಾಲ್‌ಗಳನ್ನು 1973ರ ನಾಲ್ಕನೆಯ ಆವೃತ್ತಿ ‘ಸಿಗ್ನಲ್’ ಎಂಬ ಒಂದೇ ಕಾಲ್‌ನಡಿ ತಂದಿತು. 1975ರ ಆರನೆಯ ಆವೃತ್ತಿಯಲ್ಲಿ ಸಂಖ್ಯೆ ನಮೂದಿಸದೆ ‘ಕಿಲ್’ ಆಜ್ಞೆ ಕೊಟ್ಟರೆ 9ನೆಯ ಸಿಗ್ನಲ್ ಹೋಗುತ್ತಿತ್ತು. ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದು. ಅರೆಬರೆ ಬರೆದ ಫೈಲ್ ಹಾಗೆಯೇ ಉಳಿಯುತ್ತದೆ. 1979ರ ಏಳನೆಯ ಆವೃತ್ತಿ 15ನೆಯ ಸಿಗ್ನಲನ್ನು ರೂಢಿಯ ಆಯ್ಕೆಯಾಗಿಸಿತು. ಇದನ್ನು ಪ್ರೋಗ್ರಾಂ ಹಿಡಿದು, ತಾತ್ಕಾಲಿಕ ಫೈಲ್‌ಗಳನ್ನು ಅಳಿಸಿ, ದತ್ತಾಂಶ ಉಳಿಸಿ ಹೊರಡಬಹುದು. ಮೊದಲು ಕೇಳಿಕೊಳ್ಳುವುದು, ಒಪ್ಪದಿದ್ದರೆ ಮಾತ್ರ ಬಲವಂತ ಎಂಬ ಇಂದಿನ ಪದ್ಧತಿಗೆ ಈ ಬದಲಾವಣೆಯೇ ಬುನಾದಿ.

ಆದರೂ ಒಂದು ಕೊರತೆ ಉಳಿದಿತ್ತು. ಸಿಗ್ನಲ್ ಒಮ್ಮೆ ತಲುಪಿದರೆ ಅದನ್ನು ಹಿಡಿಯುವ ಏರ್ಪಾಡು ತಾನಾಗಿ ರದ್ದಾಗುತ್ತಿತ್ತು. ಅದನ್ನು ಮತ್ತೆ ಹೂಡುವಷ್ಟರಲ್ಲಿ ಇನ್ನೊಂದು ಸಿಗ್ನಲ್ ಬಂದರೆ ಪ್ರೊಸೆಸ್ ಅಲ್ಲಿಗೇ ಮುಗಿಯುತ್ತಿತ್ತು. 1983ರ 4.2 ಬಿಎಸ್‌ಡಿ ಇದನ್ನು ಸರಿಪಡಿಸಿತು. 1988ರ ಪಾಸಿಕ್ಸ್ ಮಾನಕ ‘ಸಿಗ್ಆ್ಯಕ್ಷನ್’ ಮೂಲಕ ಅದನ್ನು ಎಲ್ಲೆಡೆಗೂ ಒಂದೇ ನಿಯಮವಾಗಿಸಿತು.

ಸಿಗ್ನಲ್ ಬಂದ ಕ್ಷಣವೇ ಪ್ರೊಸೆಸ್ ನಿಲ್ಲುವುದಿಲ್ಲ. ಕರ್ನಲ್ ಅದನ್ನು ಬಾಕಿ ಎಂದು ಗುರುತು ಹಾಕಿಕೊಂಡು, ಪ್ರೊಸೆಸ್ ಕರ್ನಲ್‌ನಿಂದ ಬಳಕೆದಾರ ಕೋಡ್‌ಗೆ ಮರಳುವಾಗ ಜಾರಿಗೊಳಿಸುತ್ತದೆ. ಹೀಗಾಗಿ ಡಿಸ್ಕ್ ಉತ್ತರಕ್ಕಾಗಿ ಅಡ್ಡಿಯಾಗದಂತೆ ಕಾಯುತ್ತಿರುವ ಪ್ರೊಸೆಸ್‌ಗೆ 9ನೆಯ ಸಿಗ್ನಲೂ ತಡವಾಗಿ ಮುಟ್ಟುತ್ತದೆ. ಮಾರಕ ಸಿಗ್ನಲ್‌ಗೆ ಮಾತ್ರ ಎಚ್ಚರಗೊಳ್ಳುವ ಹೊಸ ಬಗೆಯ ಕಾಯುವಿಕೆ 2008ರಲ್ಲಿ ಲಿನಕ್ಸ್ 2.6.25ಕ್ಕೆ ಸೇರಿತು.

ಅಂತ್ಯದ ವೇಳೆ ಕರ್ನಲ್ ಮೆಮೊರಿ ಬಿಡಿಸುತ್ತದೆ, ತೆರೆದ ಫೈಲ್ ಮುಚ್ಚುತ್ತದೆ, ಉಳಿದ ಮಕ್ಕಳನ್ನು ಸಾಮಾನ್ಯವಾಗಿ 1ನೆಯ ಸಂಖ್ಯೆಯ ಇನಿಟ್ ಪ್ರೊಸೆಸ್‌ಗೆ ಒಪ್ಪಿಸುತ್ತದೆ. ತಂದೆ ಪ್ರೊಸೆಸ್ ‘ವೇಟ್’ ಮಾಡಿ ಫಲಿತಾಂಶ ಪಡೆಯುವವರೆಗೆ ಪಟ್ಟಿಯಲ್ಲಿ ಹೆಸರಿಗೊಂದು ನಮೂದು ಉಳಿಯುತ್ತದೆ, ಅದೇ ಜೋಂಬಿ. ಜೋಂಬಿಗೆ ‘ಕಿಲ್’ ಕೊಟ್ಟು ಫಲವಿಲ್ಲ, ಅದು ಆಗಲೇ ಮುಗಿದಿದೆ. ನಮೂದು ಅಳಿದ ಮೇಲೆ ಅದೇ ಸಂಖ್ಯೆ ಹೊಸ ಪ್ರೊಸೆಸ್‌ಗೆ ಸಿಗಬಹುದು. ತಡವಾಗಿ ಕಳಿಸಿದ ಸಿಗ್ನಲ್ ಸಂಬಂಧವಿಲ್ಲದ ಪ್ರೊಸೆಸನ್ನು ಮುಗಿಸಬಹುದು. 2019ರ ಲಿನಕ್ಸ್ 5.1 ಸಂಖ್ಯೆಯ ಬದಲು ಆಯಾ ಪ್ರೊಸೆಸ್‌ನ ಫೈಲ್ ಡಿಸ್ಕ್ರಿಪ್ಟರ್ ಮೂಲಕವೇ ಸಿಗ್ನಲ್ ಕಳಿಸಲು ಅವಕಾಶ ಮಾಡಿ, ಹೀಗೆ ಗುರಿ ತಪ್ಪುವುದನ್ನು ತಡೆಯಿತು.