ಗಿರಾಕಿ ಬರುವ ದಿನ

ಊರಲ್ಲಿ ಆಡಿಟ್ ಅಂದರೆ ಸೊಸೈಟಿಯ ಲೆಕ್ಕ ನೋಡಲು ಬರುವವರು. ಅವರಿಗೆ ಎಳನೀರು, ಗೋಳಿಬಜೆ ಆಗಬೇಕು. ಸಂಜೆ ಬಸ್ಸು ಹತ್ತಿದರೆ ಮುಗಿಯಿತು. ಡೊಂಬಿವಲಿಯಲ್ಲಿ ನಾನು ಕಂಡ ಆಡಿಟ್ ಬೇರೆ. ಸಮುದ್ರದಾಚೆಯ ಗಿರಾಕಿ ಮೊದಲ ಆರ್ಡರ್ ಕೊಡುವ ಮುಂಚೆ ಖುದ್ದು ಬಂದು ಕಾರ್ಖಾನೆ ನೋಡಿಹೋಗುವುದು. ಸಂಬಂಧ ಕುದುರುವ ಮೊದಲು ಮನೆ ನೋಡಲು ಬರುತ್ತಾರಲ್ಲ, ಹಾಗೆ.

ಇದು ಮೊದಲಿನಿಂದ ಇದ್ದ ಪದ್ಧತಿಯಲ್ಲ. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಇಲ್ಲಿನವರ ಬಾಯಲ್ಲಿ ಎಮ್‌ಐಡಿಸಿ, ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಶುರುವಾಯಿತು. ಕಲ್ಯಾಣದ ಪಕ್ಕದ ಶಹಾಡ, ಮೋಹನೆಗಳ ರೇಯಾನ್ ಗಿರಣಿಗಳು ಅದಕ್ಕೂ ಹಳೆಯವು. ಥಾಣೆ-ಬೇಲಾಪುರ ರಸ್ತೆಯಲ್ಲಿ ರಾಸಾಯನಿಕ ಕಾರ್ಖಾನೆಗಳು ಬಂದವು. 1970ರಲ್ಲಿ ಸಿಡ್ಕೋ ಹುಟ್ಟಿ ನವಿಮುಂಬಯಿ ಕಟ್ಟಲು ಹೊರಡುವ ಮೊದಲೇ ಅಲ್ಲಿ ಚಿಮಣಿಗಳಿದ್ದವು. ಡೊಂಬಿವಲಿಯ ಪಾಲಿಗೆ ಬಂದದ್ದು ಹೆಚ್ಚಾಗಿ ಸಣ್ಣ ಸಣ್ಣ ಘಟಕಗಳು: ಬಟ್ಟೆಗೆ ಬಣ್ಣ ಹಾಕುವವು, ಆ ಬಣ್ಣವನ್ನೇ ತಯಾರಿಸುವವು. ಅಂಥದ್ದೊಂದರಲ್ಲಿ ನಾನು ಕೆಮಿಸ್ಟ್.

ಆಗ ಪರದೇಶದ ವ್ಯಾಪಾರ ಬಹಳ ಸರಳ. ನೂರು ಗ್ರಾಂ ಸ್ಯಾಂಪಲ್ ಪೊಟ್ಟಣ ಕಟ್ಟಿ ಕಳಿಸುವುದು, ಶೇಡ್ ಸರಿಬಂದರೆ ಬ್ಯಾಂಕಿನಿಂದ ಎಲ್‌ಸಿ ಬರುವುದು, ಮಾಲು ಬಂದರಿಗೆ ಹೋಗುವುದು. ಕಾರ್ಖಾನೆಯ ಮುಖ ಯಾರಿಗೆ ಬೇಕಿತ್ತು?

1994ರಲ್ಲಿ ಜರ್ಮನಿ ಒಂದು ಕಾನೂನು ತಂದಿತು. ಕೆಲವು ಅಜೋ ಬಣ್ಣಗಳು ಒಡೆದಾಗ ಬೆಂಜಿಡೀನಿನಂಥ ಕ್ಯಾನ್ಸರ್ ತರುವ ವಸ್ತುಗಳು ಹೊರಬರುತ್ತವೆ. ಮೈಗೆ ತಾಗುವ ಬಟ್ಟೆಯಲ್ಲಿ ಅವು ಇರಕೂಡದು ಅಂತ. 1997ರಲ್ಲಿ ನಮ್ಮ ಸರಕಾರವೂ 70 ಅಜೋ ಬಣ್ಣಗಳನ್ನು ನಿಷೇಧಿಸಿತು. 2002ರಲ್ಲಿ ಇಡೀ ಯುರೋಪು ಅದೇ ದಾರಿ ಹಿಡಿಯಿತು, ಮಿತಿ ಕಿಲೋಗೆ 30 ಮಿಲಿಗ್ರಾಂ. ಇಷ್ಟು ಸಣ್ಣ ಅಂಕಿ ಬಂದಮೇಲೆ ಸ್ಯಾಂಪಲ್ ಪೊಟ್ಟಣವನ್ನು ನಂಬಿ ಕೂರುವಂತಿಲ್ಲ. ಒಂದೇ ರಿಯಾಕ್ಟರಿನಲ್ಲಿ ನಿನ್ನೆ ಒಂದು ಬಣ್ಣ, ಇವತ್ತು ಇನ್ನೊಂದು. ತೊಳೆದದ್ದು ಸರಿಯಾಗದಿದ್ದರೆ ನಿನ್ನೆಯದು ಇವತ್ತಿನ ಮಾಲಿಗೆ ಸೇರುತ್ತದೆ. ತೊಳೆದರೋ ಇಲ್ಲವೋ ತಿಳಿಯಬೇಕಾದರೆ ಇಲ್ಲಿಗೇ ಬರಬೇಕು.

ಹಾಗೆ ನಮ್ಮಲ್ಲಿಗೂ ಒಬ್ಬ ಬಂದ, 1996ರಲ್ಲಿ. ಅವನು ಬರುವ ವಾರ ಗೋಡೆಗೆ ಸುಣ್ಣ, ಗೇಟಿನ ಬಳಿ ಕ್ರೋಟನ್ ಕುಂಡಗಳು. ಕಂತ್ರಾಟಿನವರಿಗೆ ಆ ದಿನ ರಜೆ. ರಿಯಾಕ್ಟರ್ ತೊಳೆದ ರಜಿಸ್ಟರು ಎಲ್ಲಿ ಅಂತ ಶೇಠ್ ಕೇಳಿದಾಗ ಅಂಥದ್ದೊಂದು ಇರಲೇ ಇಲ್ಲ. ಎರಡು ರಾತ್ರಿ ಕೂತು ಹನ್ನೊಂದು ತಿಂಗಳ ರಜಿಸ್ಟರು ಬರೆದೆ. ಮನೆಯಲ್ಲಿ ಸಣ್ಣ ಮಗು, ಬಾಡಿಗೆಯ ಚಾಳು. ಆಗ ಅದು ಸುಳ್ಳು ಅಂತಲೂ ಅನಿಸಲಿಲ್ಲ, ಯಾಕೆಂದರೆ ತೊಳೆದದ್ದು ನಿಜವೇ ಆಗಿತ್ತು.

ಬಂದವನು ಕುಂಡಗಳನ್ನು ನೋಡಲಿಲ್ಲ. ಸಾಗಿಸಲು ಇಟ್ಟಿದ್ದ ಡ್ರಮ್ಮುಗಳಲ್ಲಿ ಒಂದನ್ನು ತಟ್ಟಿ ಅದರ ಬ್ಯಾಚ್ ನಂಬರು ಬರೆದುಕೊಂಡ. ಅಲ್ಲಿಂದ ಹಿಂದೆ ಹಿಂದೆ ಹೋದ: ಬ್ಯಾಚ್ ಶೀಟು, ಕಚ್ಚಾಮಾಲಿನ ಬಿಲ್ಲು, ಅದು ಒಳಬಂದ ದಿನದ ಗೇಟ್ ಪುಸ್ತಕ. ಎಲ್ಲ ತಾಳೆಯಾಯಿತು. ಕೊನೆಗೆ ನನ್ನ ರಜಿಸ್ಟರು. ನಿಧಾನ ಪುಟ ತಿರುವಿ ಕೇಳಿದ, “ಈ ಊರಲ್ಲಿ ಜುಲೈ ತಿಂಗಳು ಮಳೆ ಬರುವುದಿಲ್ಲವೇ?” ಒಂದೇ ನೀಲಿ ಶಾಯಿ, ಎಲ್ಲೂ ಒಂದು ಹನಿಯ ಕಲೆಯಿಲ್ಲ, ಬಣ್ಣದ ಬೆರಳಚ್ಚಿಲ್ಲ. ಬಣ್ಣದ ಕಾರ್ಖಾನೆಯಲ್ಲಿ! ನಾನು ನೆಲ ನೋಡುತ್ತ ನಿಂತೆ.

ನಮ್ಮನ್ನು ಉಳಿಸಿದ್ದು ಬಾಯ್ಲರಿನ ಕಾಕಾ. ರಿಯಾಕ್ಟರ್ ತೊಳೆಯಲು ಹಬೆ ಬಿಟ್ಟ ಪ್ರತಿ ಸಲವೂ ಅವರು ತಮ್ಮ ಪುಟ್ಟ ಡೈರಿಯಲ್ಲಿ ಬರೆದಿಡುತ್ತಿದ್ದರು, ಓವರ್‌ಟೈಮ್ ಕೇಳಲು. ಎಣ್ಣೆ, ಕಲ್ಲಿದ್ದಲ ಮಸಿ, ಒದ್ದೆಯಾಗಿ ಒಣಗಿದ ಹಾಳೆ. ಪರದೇಶಿಯ ಮುಖ ಅರಳಿತು. ಮರಾಠಿಯಲ್ಲಿದ್ದುದನ್ನು ನಾನೇ ಓದಿ ಹೇಳಿದೆ. ಓದುತ್ತಾ ಇದ್ದಂತೆ ನನ್ನ ಗಂಟಲು ಒಣಗಿತು. ಒಳಗಿಳಿದು ಉಜ್ಜಿದವರ ಹೆಸರನ್ನೂ ಕಾಕಾ ಬರೆದಿದ್ದರು, ಎಂಟು ಹೆಸರು. ಒಂದೂ ನಮ್ಮ ಹಾಜರಿ ಪುಸ್ತಕದಲ್ಲಿಲ್ಲ. “ಇವರು ಇವತ್ತು ಎಲ್ಲಿ?” ಅಂತ ಅವನು ಕೇಳಿದ. ಶೇಠ್ “ರಜೆ” ಅಂದರು. ಅದೂ ಸುಳ್ಳಲ್ಲ ಬಿಡಿ.

ಆರ್ಡರ್ ಆಗ ಬರಲಿಲ್ಲ. ಎಂಟು ಜನರ ಹೆಸರು ಹತ್ತಿಸಿ, ರಿಯಾಕ್ಟರಿಗೆ ಇಳಿಯುವವರಿಗೆ ಹಗ್ಗ, ಮುಖವಾಡ ಕೊಟ್ಟು ಪತ್ರ ಬರೆಯಿರಿ ಅಂತ ಉತ್ತರ ಬಂತು. ಹಗ್ಗ, ಮುಖವಾಡ ಬಂದವು. ಹೆಸರು ಹತ್ತಿದ್ದು ನಾಲ್ಕು ಮಂದಿಯದು. ಉಳಿದವರನ್ನು ಕಂತ್ರಾಟುದಾರ ಮತ್ತೆ ಕಳಿಸಲೇ ಇಲ್ಲ, ಪಟ್ಟಿ ನೇರವಾಯಿತು. ಆರು ತಿಂಗಳ ಮೇಲೆ ಐದು ಡ್ರಮ್ಮಿನ ಆರ್ಡರ್ ಬಂತು, ಪೇಢೆ ಹಂಚಿದೆವು.

ಇದಾದ ಮೇಲೆ ಆಡಿಟ್ ಅನ್ನುವುದೇ ಒಂದು ಕಸುಬಾಯಿತು. ನೋಡುವವರು ಗಿರಾಕಿಗಳಲ್ಲ, ದುಡ್ಡು ಕೊಟ್ಟು ಕರೆಸಿದ ಕಂಪನಿಗಳವರು. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಗೆ 2012ರ ಆಗಸ್ಟಿನಲ್ಲಿ ಎಸ್‌ಎ 8000 ಸರ್ಟಿಫಿಕೇಟು ಸಿಕ್ಕಿತ್ತು. ಸೆಪ್ಟೆಂಬರ್ 11ಕ್ಕೆ ಅಲ್ಲಿ ಬೆಂಕಿ. 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಬೇಕೆಂದೇ ಹಚ್ಚಿದ್ದು ಅಂತ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿತು. ಆದರೆ ಕಿಟಕಿಗೆ ಸರಳು ಹಾಕಿದ್ದು, ಬಾಗಿಲಿಗೆ ಬೀಗವಿದ್ದದ್ದು ಮೊದಲಿನಿಂದ. ಸರ್ಟಿಫಿಕೇಟು ಕೊಟ್ಟವರು ಯಾವ ಬಾಗಿಲಿಂದ ಒಳಹೋಗಿದ್ದರೋ.

ನಮ್ಮ ಡೊಂಬಿವಲಿಯಲ್ಲಿ 2016ರ ಮೇ 26ರಂದು ಒಂದು ಸ್ಫೋಟ, 2024ರ ಮೇ 23ರಂದು ಇನ್ನೊಂದು. ಎರಡರಲ್ಲೂ ಹತ್ತಕ್ಕೂ ಹೆಚ್ಚು ಜನ ಹೋದರು. ಎರಡನೆಯದರಲ್ಲಿ ಸಿಕ್ಕ ಕೆಲವು ದೇಹಗಳ ಗುರುತಿಗೆ ಡಿಎನ್‌ಎ ಪರೀಕ್ಷೆ ಬೇಕಾಯಿತು. ಆ ವಾರ ಪೇಪರಿನಲ್ಲಿ ಹೆಸರುಗಳನ್ನು ಓದುತ್ತಾ ಕಾಕಾನ ಡೈರಿ ನೆನಪಾಯಿತು. ಎಂಟೂ ಹೆಸರನ್ನು ನಾನೇ ಗಟ್ಟಿಯಾಗಿ ಓದಿದ್ದೆ. ಈಗ ಎಷ್ಟು ಯೋಚಿಸಿದರೂ ನಾಲ್ಕೇ ಬರುತ್ತವೆ, ಹಾಜರಿ ಪುಸ್ತಕಕ್ಕೆ ಹತ್ತಿದ ಆ ನಾಲ್ಕು.