ಜರಿ, ಮಿಂಚುನೂಲು ಮತ್ತು ನೀರು: ಕೊಡಗಿನ ಉಡುಪಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಉಡುಪಿನ ಇತಿಹಾಸವು ಅಲಂಕಾರದ ಇತಿಹಾಸ ಮಾತ್ರವಲ್ಲ. ಲೋಹ, ನೂಲು ಮತ್ತು ಕೈಗಾರಿಕೆಗಳ ಇತಿಹಾಸವೂ ಅಹುದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಚಾರಕ್ಕೆ ಬಂದ, ಚಿನ್ನಬೆಳ್ಳಿಗಳಂತೆ ಹೊಳೆಯುವ ಈಜುಡುಪು ಇದಕ್ಕೆ ನಿದರ್ಶನ. ಕೊಡಗಿನ ಉಡುಪಿನೊಡನೆ ಅದನ್ನು ಹೋಲಿಸಿದರೆ, ಬಟ್ಟೆಯ ಹೊಳಪಿಗೆ ಎರಡು ಸಮಾಜಗಳು ಕೊಟ್ಟ ಅರ್ಥ ಎಷ್ಟು ಭಿನ್ನವೆಂಬುದು ವಿಶದವಾಗುತ್ತದೆ.

ಕೊಡವ ಸ್ತ್ರೀಯರ ಸೀರೆಯ ನೆರಿಗೆ ಬೆನ್ನ ಕಡೆಗಿರಲು ಐತಿಹ್ಯವು ನೀರನ್ನೇ ಕಾರಣವಾಗಿ ಹೇಳುತ್ತದೆ. ನದಿಯಾಗಿ ಹರಿದ ಕಾವೇರಿಯ ಸೆಳವಿಗೆ ಬಲಮುರಿಯಲ್ಲಿ ನೆರಿಗೆಗಳು ಹಿಂದಕ್ಕೆ ಸರಿದುವೆಂಬುದು ಆ ಕಥೆ. ಮದುವೆಯ ಗಂಗಾಪೂಜೆಯಲ್ಲಿ ಕೆಂಪು ರೇಷ್ಮೆಯನ್ನುಟ್ಟ ವಧು ಬಾವಿಯನ್ನು ಪೂಜಿಸಿ, ನೀರಿನ ಕೊಡಗಳನ್ನು ತಲೆಯ ಮೇಲೆ ಹೊತ್ತು ಬರುತ್ತಾಳೆ. ವರನ ಕಡೆಯ ನೆಂಟರು ಎದುರಿನಲ್ಲಿ ಕುಣಿಯುತ್ತ ದಾರಿಗಟ್ಟುತ್ತಾರೆ. ಗಂಡಸರು ಕುಪ್ಯದ ಮೇಲೆ ಸುತ್ತುವ ಚೇಲೆಯಲ್ಲಿಯೂ ಜರಿಯುಂಟು. ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆಯ ಎಳೆಗೆ ಸುತ್ತಿ, ಚಿನ್ನದ ಲೇಪ ಕೊಟ್ಟುದೇ ಅಸಲು ಜರಿ. ತೇವಕ್ಕೂ ಬೆವರಿಗೂ ಅದು ಕಪ್ಪಾಗುತ್ತದೆ. ಆದುದರಿಂದ ಅದು ಪೆಟ್ಟಿಗೆಯಲ್ಲಿ ಕಾಪಾಡತಕ್ಕ ಆಸ್ತಿಯೇ ಹೊರತು ನೀರಿಗಿಳಿಯುವ ಬಟ್ಟೆಯಲ್ಲ.

ಪಶ್ಚಿಮದಲ್ಲಿ ಈ ಮಿತಿಯನ್ನು ಎರಡು ಹೊಸ ನೂಲುಗಳು ದಾಟಿದುವು. 1931ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಲ್ಯಾಸ್ಟೆಕ್ಸ್, ರಬ್ಬರಿನ ಎಳೆಗೆ ನೂಲು ಸುತ್ತಿದ ಹಿಗ್ಗುವ ದಾರ. ಅದರಿಂದ ಈಜುಡುಪು ಮೈಗೆ ಹೊಂದಿ ನಿಂತಿತು. 1946ರಲ್ಲಿ ಬಂದ ಲ್ಯೂರೆಕ್ಸ್, ಅಲ್ಯೂಮಿನಿಯಮ್ ಹಾಳೆಯನ್ನು ಪ್ಲಾಸ್ಟಿಕ್ ಪೊರೆಗಳ ನಡುವೆ ಅಂಟಿಸಿ ಸಣ್ಣಗೆ ಸೀಳಿದ ಎಳೆ. ಅದು ಕಪ್ಪಾಗದು, ಬೆಲೆಯೂ ಕಡಮೆ. ಹೀಗೆ ಹೊಳಪು ಅಮೂಲ್ಯ ಲೋಹದಿಂದ ಬೇರ್ಪಟ್ಟಿತು.

ಆದರೂ ಈ ಉಡುಪಿನ ಉದ್ದೇಶ ಈಜುವುದಕ್ಕಿಂತ ಮೆರೆಯುವುದೇ ಆಗಿದ್ದಿತು. 1952ರ 'ಮಿಲಿಯನ್ ಡಾಲರ್ ಮರ್ಮೇಡ್' ಚಲನಚಿತ್ರಕ್ಕಾಗಿ ಎಸ್ತರ್ ವಿಲಿಯಮ್ಸ್ ಹೊಂಬಣ್ಣದ ಚಮಕಿಯ ಉಡುಪನ್ನೂ ಲೋಹದ ಕಿರೀಟವನ್ನೂ ಧರಿಸಿ ಎತ್ತರದಿಂದ ನೀರಿಗೆ ಧುಮುಕಿದರು. ಕಿರೀಟದ ಹೊಡೆತಕ್ಕೆ ಕುತ್ತಿಗೆಯ ಮೂಳೆಗಳು ಮುರಿದು, ಅವರು ತಿಂಗಳುಗಟ್ಟಲೆ ಪ್ಲಾಸ್ಟರಿನ ಕಟ್ಟಿನಲ್ಲಿರಬೇಕಾಯಿತು. ನೋಟಕ್ಕಾಗಿ ಹೊಳೆದ ಲೋಹದ ಭಾರವನ್ನು ಹೊತ್ತುದು ಹೆಣ್ಣಿನ ದೇಹ.

ಇವುಗಳಲ್ಲಿ ಒಂದನ್ನು ಪ್ರಗತಿಯೆಂದೂ ಇನ್ನೊಂದನ್ನು ಜಡತೆಯೆಂದೂ ಕರೆಯುವುದು ಸಲ್ಲದು. ಒಂದು ಹೊಳಪು ಅಪರಿಚಿತ ಪ್ರೇಕ್ಷಕರಿಗಾಗಿ, ಇನ್ನೊಂದು ನೆಂಟರಿಷ್ಟರ ಮುಂದಿನ ಶುಭಕ್ಕಾಗಿ. ಆದರೆ ಇತಿಹಾಸಕಾರನಿಗೆ ಇಲ್ಲಿ ಒಂದು ಎಚ್ಚರಿಕೆಯುಂಟು. ಬೆಲೆಯಿಲ್ಲದ ಮಿಂಚುನೂಲನ್ನು ಯಾರೂ ಕರಗಿಸುವುದಿಲ್ಲ. ಹಳೆಯ ಜರಿಯನ್ನಾದರೋ ಬೆಳ್ಳಿಗಾಗಿ ಕರಗಿಸುವುದುಂಟು. ಬೆಲೆಯುಳ್ಳ ಆಧಾರವೇ ಮೊದಲು ನಾಶವಾಗುತ್ತದೆ. ಕೊಡಗಿನ ಮನೆಗಳಲ್ಲಿ ಉಳಿದಿರುವ ಹಳೆಯ ಚೇಲೆ, ಸೀರೆಗಳನ್ನು ಅವುಗಳ ಲೋಹ, ನೇಯ್ಗೆ, ಬಳಕೆಗಳೊಡನೆ ದಾಖಲಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳುವುದು ಅವಶ್ಯಕ.